ಪಣಪುಳಿಯ ಹಳದಿ ಅಂಟು: ಉರಿಯೂತದ ಮದ್ದು ಬಾಟಲಿಯಲ್ಲಿದೆಯಾ, ಬಿಸಾಡಿದ ಸಿಪ್ಪೆಯಲ್ಲಿದೆಯಾ?

ಈ ಮಳೆಗಾಲದಲ್ಲಿ ನಮ್ಮ ಚಿಕ್ಕಮ್ಮ ಮಂಡಿನೋವಿಗೆ ಹೊಸ ಮದ್ದು ಶುರು ಮಾಡಿದ್ದರು. ಬೆಳಗ್ಗೆ ಖಾಲಿ ಹೊಟ್ಟೆಗೆ ಅರ್ಧ ಲೋಟ ಬಿಸಿನೀರು, ಅದರಲ್ಲಿ ಒಂದು ಚಮಚ ಕಾಚಂಪುಳಿ. ಕೊಡಗಿನ ಹಣ್ಣಿನಲ್ಲಿ ಉರಿಯೂತ ಇಳಿಸುವ ಅಂಶ ಸಿಕ್ಕಿದೆ ಅಂತ ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದರಂತೆ. ಹತ್ತು ದಿನ ಕುಡಿದು ಫೋನ್ ಮಾಡಿದರು. "ಮಂಡಿ ಹಾಗೇ ಇದೆ ಕಣೋ. ಈಗ ಎದೆಯುರಿ ಬೇರೆ ಶುರುವಾಗಿದೆ. ಆ ಸುದ್ದಿ ಸುಳ್ಳಾ?"

ಸುಳ್ಳು ಅಂತ ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸುದ್ದಿ ಪೂರ್ತಿ ಸುಳ್ಳಲ್ಲ. ಆ ಹಣ್ಣಿನಲ್ಲಿ ಉರಿಯೂತದ ಮೇಲೆ ಕೆಲಸ ಮಾಡಬಲ್ಲ ಸಂಯುಕ್ತಗಳು ನಿಜಕ್ಕೂ ಇವೆ. ಚಿಕ್ಕಮ್ಮ ಕುಡಿದ ಚಮಚದಲ್ಲಿ ಅವು ಇದ್ದವಾ ಅನ್ನುವುದೇ ಪ್ರಶ್ನೆ. ನಾನು ಓದಿ ತಿಳಿದ ಮಟ್ಟಿಗೆ, ಅವು ಹೆಚ್ಚಾಗಿ ಇದ್ದದ್ದು ಅವರು ಕಾಫಿ ಗಿಡದ ಬುಡಕ್ಕೆ ಸುರಿದ ಸಿಪ್ಪೆಯಲ್ಲಿ. ಇದನ್ನು ಫೋನಿನಲ್ಲಿ ವಿವರಿಸಲು ಆಗಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕಾಚಂಪುಳಿ ನೋಡದವರಿಗೆ ಮೊದಲು ಎರಡು ಮಾತು. ಕೊಡಗಿನ ಹಂದಿ ಮಾಂಸದ ಪಂದಿಕರಿಗೆ ಆ ಕಪ್ಪು ಬಣ್ಣ, ನಾಲಿಗೆ ಹಿಡಿಯುವ ಆ ಹುಳಿ ಬರುವುದು ಇದರಿಂದ. ಇದು ಪಣಪುಳಿ ಹಣ್ಣಿನ ರಸ. ಉತ್ತರ ಕನ್ನಡ, ಶಿವಮೊಗ್ಗದ ಕಡೆ ಇದೇ ಮರಕ್ಕೆ ಉಪ್ಪಾಗೆ ಅನ್ನುತ್ತಾರೆ. ಕೇರಳದಲ್ಲಿ ಕುಡಂಪುಳಿ. ಸಸ್ಯಶಾಸ್ತ್ರದ ಹೆಸರು ಗಾರ್ಸೀನಿಯಾ ಗಮ್ಮಿ-ಗಟ್ಟಾ. ಹಳೆಯ ಹೆಸರು ಗಾರ್ಸೀನಿಯಾ ಕ್ಯಾಂಬೋಜಿಯಾ. ಈ ಹಳೆಯ ಹೆಸರನ್ನು ನೆನಪಿಟ್ಟುಕೊಳ್ಳಿ, ತೂಕ ಇಳಿಸುವ ಗುಳಿಗೆಗಳ ಡಬ್ಬಿ ಮೇಲೆ ಇರುವುದು ಇದೇ. ಕರಾವಳಿಯ ಪುನರ್ಪುಳಿ ಮತ್ತು ಈಗ ನಮ್ಮ ಕೆಲವು ತೋಟಗಳಲ್ಲಿ ಕಾಫಿ ನಡುವೆ ಬೆಳೆಯುತ್ತಿರುವ ಮ್ಯಾಂಗೋಸ್ಟೀನ್ ಎರಡೂ ಇದೇ ಕುಟುಂಬದ ಹತ್ತಿರದ ನೆಂಟರು.

ಹಣ್ಣು ಮಾಗುವುದು ಮಳೆ ಜೋರಾಗಿ ಹಿಡಿದಾಗ, ಜೂನ್‌ನಿಂದ ಆಗಸ್ಟ್ ನಡುವೆ. ಪುಟ್ಟ ಕುಂಬಳಕಾಯಿಯ ಹಾಗೆ ಗೆರೆ ಗೆರೆ, ಹಳದಿ ಬಣ್ಣ. ಬಿದ್ದ ಹಣ್ಣು ಹೆಕ್ಕಿ ತಂದು ಬೀಜ ತೆಗೆಯುತ್ತಾರೆ. ದಪ್ಪ ಸಿಪ್ಪೆಯನ್ನು ಬುಟ್ಟಿಗೆ ಹಾಕಿ ಕೆಳಗೊಂದು ಪಾತ್ರೆ ಇಡುತ್ತಾರೆ. ಸಿಪ್ಪೆ ದಿನೇ ದಿನೇ ಮೆತ್ತಗಾಗುತ್ತದೆ, ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಸೋಸಿ, ಒಲೆಯ ಮೇಲಿಟ್ಟು ಗಂಟೆಗಟ್ಟಲೆ ಕುದಿಸುತ್ತಾರೆ. ಕೊನೆಗೆ ಉಳಿಯುವುದು ಕಪ್ಪಗೆ, ಗಟ್ಟಿಯಾಗಿ, ವರ್ಷಗಟ್ಟಲೆ ಕೆಡದೆ ಇರುವ ಕಾಚಂಪುಳಿ. ಒಂದು ಬುಟ್ಟಿ ಹಣ್ಣಿಗೆ ಸಿಗುವುದು ಸ್ವಲ್ಪವೇ. ಬೆಲೆ ಜಾಸ್ತಿ ಯಾಕೆ ಅಂತ ಕೇಳುವವರು ಒಂದು ದಿನ ಆ ಹೊಗೆಯಲ್ಲಿ ಕೂತು ನೋಡಬೇಕು.

ಈ ಕೆಲಸ ಮಾಡಿದವರಿಗೆಲ್ಲ ಇನ್ನೊಂದು ವಿಷಯ ಗೊತ್ತು. ಹಣ್ಣು ಕೊಯ್ದಾಗ ಹಳದಿ ಅಂಟು ಒಸರುತ್ತದೆ. ಕತ್ತಿಗೆ ಹತ್ತುತ್ತದೆ, ಬೆರಳಿಗೆ ಹತ್ತುತ್ತದೆ. ನೀರಿನಲ್ಲಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಹಲಸಿನ ಮೇಣಕ್ಕೆ ಮಾಡುವ ಹಾಗೆ ಎಣ್ಣೆ ಹಚ್ಚಿ ಒರೆಸಬೇಕು. ಈ ಲೇಖನದ ಅರ್ಧ ರಸಾಯನಶಾಸ್ತ್ರ ಅಲ್ಲೇ ಇದೆ. ಅದಕ್ಕೆ ಮತ್ತೆ ಬರುತ್ತೇನೆ.

ಉರಿಯೂತ ಅನ್ನುವ ಪದವನ್ನೇ ನೋಡಿ: ಉರಿ ಮತ್ತು ಊತ. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮನ್ ಬರಹಗಾರ ಸೆಲ್ಸಸ್ ಇದಕ್ಕೆ ನಾಲ್ಕು ಗುರುತು ಬರೆದಿಟ್ಟ: ಕೆಂಪಾಗುವುದು, ಬಿಸಿಯಾಗುವುದು, ಊದಿಕೊಳ್ಳುವುದು, ನೋಯುವುದು. ಮುಳ್ಳು ಚುಚ್ಚಿದಾಗ ದೇಹ ಹೀಗೆ ಮಾಡಲೇಬೇಕು. ರಕ್ತ ಅಲ್ಲಿಗೆ ಹೆಚ್ಚು ಹರಿಯುತ್ತದೆ, ಬಿಳಿ ರಕ್ತಕಣಗಳು ಬರುತ್ತವೆ, ಸೋಂಕನ್ನು ತಡೆಯುತ್ತವೆ. ಕೆಲಸ ಮುಗಿದ ಮೇಲೂ ಈ ಗಲಾಟೆ ನಿಲ್ಲದಿದ್ದರೆ ಅದು ಕಾಯಿಲೆ. ಕೆಲವರ ಸಂಧಿವಾತದಲ್ಲಿ, ಕರುಳಿನ ಕೆಲವು ರೋಗಗಳಲ್ಲಿ ಆಗುವುದು ಇದೇ.

ಜೀವಕೋಶದ ಒಳಗೆ ಈ ಗಲಾಟೆಗೆ ಕೆಲವು ಸ್ವಿಚ್‌ಗಳಿವೆ. ಒಂದು ಮುಖ್ಯ ಸ್ವಿಚ್ ಎನ್‌ಎಫ್-ಕಪ್ಪಾ-ಬಿ ಅನ್ನುವ ಪ್ರೋಟೀನ್. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಇದನ್ನು ಕಂಡುಹಿಡಿದರು. ಇದು ಆನ್ ಆದರೆ ಊತ, ನೋವು ತರುವ ಹತ್ತಾರು ವಸ್ತುಗಳು ತಯಾರಾಗುತ್ತವೆ. ಇನ್ನೊಂದು ಕಾಕ್ಸ್ ಅನ್ನುವ ಕಿಣ್ವ. ನಾವು ತಲೆನೋವಿಗೆ ನುಂಗುವ ಆಸ್ಪಿರಿನ್ ಇದನ್ನು ತಡೆಯುತ್ತದೆ. 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ಇದನ್ನು ತೋರಿಸಿಕೊಟ್ಟರು, 1982ರಲ್ಲಿ ಅವರಿಗೆ ನೊಬೆಲ್ ಬಂತು. ಆಸ್ಪಿರಿನ್‌ನ ಮೂಲ ಕೂಡ ಒಂದು ಮರದ ತೊಗಟೆಯ ಮನೆಮದ್ದು. ಆದರೆ ತೊಗಟೆಯ ಕಷಾಯ ಮತ್ತು ಮಾತ್ರೆಯ ನಡುವೆ ರಸಾಯನಶಾಸ್ತ್ರಜ್ಞರ ದೊಡ್ಡ ದುಡಿಮೆ ಇದೆ. ತೊಗಟೆಯಲ್ಲಿದ್ದ ವಸ್ತುವನ್ನು ಬೇರೆ ಮಾಡಿದರು, ಅದು ಹೊಟ್ಟೆ ಕೆಡಿಸುತ್ತದೆ ಅಂತ ಕಂಡು ಅದರ ರಚನೆಯನ್ನೇ ಸ್ವಲ್ಪ ಬದಲಿಸಿದರು, ಆಮೇಲೆ ಮಾತ್ರೆ ಬಂತು.

ಹಣ್ಣಿನಲ್ಲಿ ಇಂಥ ವಸ್ತುವನ್ನು ಹುಡುಕುವುದು ಹೇಗೆ? ಸುದ್ದಿಗಳಲ್ಲಿ 'ಪತ್ತೆ' ಅನ್ನುವ ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ. ನಿಜದಲ್ಲಿ ಅದು ಸೋಸುತ್ತಾ, ಬೇರ್ಪಡಿಸುತ್ತಾ ಹೋಗುವ ತಾಳ್ಮೆಯ ಕೆಲಸ.

ಮೊದಲು ಹಣ್ಣು ಯಾವುದು ಅಂತ ಖಚಿತವಾಗಬೇಕು. ಗಾರ್ಸೀನಿಯಾ ಜಾತಿಗಳು ಘಟ್ಟದಲ್ಲಿ ಹಲವಿವೆ, ನೋಡಲು ಒಂದರಂತೆ ಇನ್ನೊಂದು. ಹಾಗಾಗಿ ಕೊಂಬೆ, ಎಲೆ, ಹೂವನ್ನು ಒಣಗಿಸಿ, ಅಂಟಿಸಿ, ಊರು ಮತ್ತು ತಾರೀಕು ಬರೆದು ಸಸ್ಯ ಸಂಗ್ರಹಾಲಯದಲ್ಲಿ ಇಡುತ್ತಾರೆ. ಆಮೇಲೆ ಹಣ್ಣನ್ನು ಒಣಗಿಸಿ ಪುಡಿ ಮಾಡಿ ಬೇರೆ ಬೇರೆ ದ್ರಾವಕಗಳಲ್ಲಿ ನೆನೆಸುತ್ತಾರೆ. ಹೆಕ್ಸೇನ್‌ಗೆ ಎಣ್ಣೆಯಂಥ ವಸ್ತುಗಳು ಇಳಿಯುತ್ತವೆ. ಮೆಥನಾಲ್‌ಗೆ, ನೀರಿಗೆ ಬೇರೆಯವು. ಪ್ರತಿಯೊಂದು ಸಾರವನ್ನೂ ಜೀವಕೋಶಗಳ ಮೇಲೆ ಹಾಕಿ ನೋಡುತ್ತಾರೆ. ಯಾವುದು ಕೆಲಸ ಮಾಡಿತೋ ಅದನ್ನು ಮಾತ್ರ ಸಿಲಿಕಾ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸಿ ಮತ್ತೆ ಭಾಗ ಮಾಡುತ್ತಾರೆ. ಮತ್ತೆ ಪರೀಕ್ಷೆ. ಮತ್ತೆ ಭಾಗ. ಕಿಲೋಗಟ್ಟಲೆ ಹಣ್ಣಿನಿಂದ ಶುರುವಾದದ್ದು ಕೊನೆಗೆ ಕೆಲವು ಮಿಲಿಗ್ರಾಂ ಪುಡಿಗೆ ಬಂದು ನಿಲ್ಲುತ್ತದೆ. ಆ ಪುಡಿಯ ಅಣು ಹೇಗಿದೆ ಅಂತ ಎನ್‌ಎಂಆರ್ ಮತ್ತು ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರಗಳಲ್ಲಿ ನೋಡಿ ಬಿಡಿಸುತ್ತಾರೆ.

ಉರಿಯೂತದ ಪರೀಕ್ಷೆ ಮಾಡುವ ರೀತಿ ನನಗೆ ತುಂಬಾ ಹಿಡಿಸಿತು. ಇಲಿಯ ಒಂದು ಬಗೆಯ ರಕ್ಷಣಾ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುತ್ತಾರೆ. ಅವಕ್ಕೆ ಬ್ಯಾಕ್ಟೀರಿಯಾದ ಹೊರಪದರದ ಚೂರನ್ನು ತೋರಿಸಿದರೆ ಶತ್ರು ಬಂದ ಅಂತ ಕೆರಳುತ್ತವೆ, ನೈಟ್ರಿಕ್ ಆಕ್ಸೈಡ್ ಬಿಡುತ್ತವೆ. ಒಂದು ದ್ರಾವಣ ಹಾಕಿದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹಣ್ಣಿನ ಸಾರ ಹಾಕಿದ ತಟ್ಟೆಯಲ್ಲಿ ಗುಲಾಬಿ ಕಡಿಮೆಯಾದರೆ ಸಾರ ಕೋಶಗಳನ್ನು ಸಮಾಧಾನ ಮಾಡಿದೆ ಅಂತ ಅರ್ಥ. ಅಥವಾ ಸಾರ ಆ ಕೋಶಗಳನ್ನೇ ಕೊಂದಿರಬಹುದು! ಸತ್ತ ಕೋಶ ಕೂಡ ಏನನ್ನೂ ಬಿಡುವುದಿಲ್ಲ, ಅಲ್ವಾ? ಅದಕ್ಕೇ ಪಕ್ಕದಲ್ಲಿ ಇನ್ನೊಂದು ತಟ್ಟೆ ಇಟ್ಟು ಕೋಶಗಳು ಬದುಕಿವೆಯಾ ಅಂತ ನೋಡಲೇಬೇಕು. ಈ ಎರಡನೇ ತಟ್ಟೆಯ ಲೆಕ್ಕ ಕೊಡದ ಸಂಶೋಧನೆಯನ್ನು ನಾನಂತೂ ನಂಬುವುದಿಲ್ಲ.

ಪಣಪುಳಿಯ ಕಥೆಯಲ್ಲಿ ಮೊದಲ ದೊಡ್ಡ ಹೆಜ್ಜೆ ನಮ್ಮ ಪಕ್ಕದ ಮೈಸೂರಿನಲ್ಲೇ ನಡೆದದ್ದು. ಈ ಹಣ್ಣಿನ ಹುಳಿಗೆ ಸಿಟ್ರಿಕ್ ಮತ್ತು ಟಾರ್ಟಾರಿಕ್ ಆಮ್ಲ ಕಾರಣ ಅಂತ ಬಹಳ ಕಾಲ ನಂಬಿದ್ದರು. ಅಂದರೆ ನಿಂಬೆ, ಹುಣಸೆಯ ಹುಳಿಯೇ ಇದರದ್ದೂ ಅಂತ. 1965ರಲ್ಲಿ ಅಲ್ಲಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅದು ತಪ್ಪು ಅಂತ ತೋರಿಸಿದರು. ಇದರ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಒಣಗಿದ ಸಿಪ್ಪೆಯ ತೂಕದಲ್ಲಿ ಶೇ. 10ರಿಂದ 30ರವರೆಗೂ ಅದೇ ಇರುತ್ತದೆ. ಕೊಡಗಿನ ಅಡುಗೆಮನೆಗಳಲ್ಲಿ ತಲೆತಲಾಂತರದಿಂದ ಇದ್ದ ಹುಳಿಗೆ ಸರಿಯಾದ ಹೆಸರು ಸಿಕ್ಕಿದ್ದು ಆಗ. ನಮ್ಮ ಶಾಲೆಗಳಲ್ಲಿ ಇದನ್ನು ಯಾಕೆ ಹೇಳಿಕೊಡುವುದಿಲ್ಲವೋ.

ಇದು ನೀರಿಗೆ ಸುಲಭವಾಗಿ ಇಳಿಯುವ ಆಮ್ಲ. ಬುಟ್ಟಿಯಿಂದ ತೊಟ್ಟಿಕ್ಕುವ ರಸದಲ್ಲಿ ಇದೇ ತುಂಬಿದೆ. ಕುದಿಸಿದಾಗ ಇದರ ಒಂದಷ್ಟು ಭಾಗ ಲ್ಯಾಕ್ಟೋನ್ ಅನ್ನುವ ಇನ್ನೊಂದು ರೂಪಕ್ಕೆ ತಿರುಗುತ್ತದೆ.

ಇನ್ನೊಂದು ಗುಂಪು ಹಳದಿ ಅಂಟಿನದು. 1980ರಲ್ಲಿ ಈ ಮರದ ಹಾಲಿನಿಂದ ಕ್ಯಾಂಬೋಜಿನಾಲ್ ಅನ್ನುವ ಸಂಯುಕ್ತವನ್ನು ಬೇರ್ಪಡಿಸಿದರು. ಪುನರ್ಪುಳಿಯ ಸಿಪ್ಪೆಯಲ್ಲಿ ಸಿಗುವ ಗಾರ್ಸಿನಾಲ್ ಕೂಡ ಇದೇ. 2008ರಲ್ಲಿ ಇಟಲಿಯ ಸಂಶೋಧಕರು ಇದೇ ಹಣ್ಣಿನಿಂದ ಗಟ್ಟಿಫೆರೋನ್ ಅನ್ನುವ ಹಲವು ಸಂಯುಕ್ತಗಳನ್ನು ಬೇರ್ಪಡಿಸಿದರು. ಇವೆಲ್ಲ ಒಂದೇ ಮನೆತನದವು. ಅಣುವಿಗೆ ಎಣ್ಣೆಯಂಥ ಉದ್ದ ಬಾಲಗಳಿವೆ, ಅದಕ್ಕೇ ನೀರು ಅಂದರೆ ಆಗುವುದಿಲ್ಲ. ಕತ್ತಿಗೆ ಹತ್ತಿದ ಅಂಟು ನೀರಿಗೆ ಹೋಗದೆ ಎಣ್ಣೆಗೆ ಹೋದದ್ದು ಇದೇ ಗುಣದಿಂದ.

ಉರಿಯೂತದ ವಿಷಯದಲ್ಲಿ ಜಾಸ್ತಿ ಹೆಸರು ಮಾಡಿದ್ದು ಈ ಎರಡನೇ ಗುಂಪು. ಗಾರ್ಸಿನಾಲ್ ಹಾಕಿದಾಗ ಕೆರಳಿದ ಕೋಶಗಳಲ್ಲಿ ಎನ್‌ಎಫ್-ಕಪ್ಪಾ-ಬಿ ಸ್ವಿಚ್ ಮಂದವಾಗುವುದು, ಕಾಕ್ಸ್-2 ಮತ್ತು ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುವುದು ಲ್ಯಾಬ್‌ಗಳಲ್ಲಿ ಕಂಡಿದೆ. 2004ರಲ್ಲಿ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ ಇನ್ನೊಂದು ಮುಖ್ಯ ವಿಷಯ ತೋರಿಸಿತು. ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್‌ಗಳಿಗೆ ಗುರುತು ಹಾಕಿ ಜೀನ್‌ಗಳನ್ನು ತೆರೆಯುವ ಕಿಣ್ವಗಳಿವೆ. ಗಾರ್ಸಿನಾಲ್ ಅವನ್ನು ತಡೆಯುತ್ತದೆ. ಅಂದರೆ ಇದು ಜೀನ್‌ಗಳ ಬಾಗಿಲಿನ ಹತ್ತಿರವೇ ಕೆಲಸ ಮಾಡುವ ವಸ್ತು. ಇದು ಚಿಕ್ಕ ಸಂಗತಿಯಲ್ಲ. ಇಷ್ಟು ಆಳದಲ್ಲಿ ಕೈ ಹಾಕುವ ವಸ್ತುವನ್ನು ಸುಮ್ನೆ ದಿನಾ ನುಂಗಬಹುದು ಅಂತ ಹೇಳುವ ಮೊದಲು ಹತ್ತು ಸಲ ಯೋಚಿಸಬೇಕು ಅನ್ನುವುದೂ ಅದರಿಂದಲೇ ತಿಳಿಯುತ್ತದೆ.

ಈಗ ಬುಟ್ಟಿಯ ಹತ್ತಿರ ವಾಪಸ್ ಹೋಗೋಣ. ರಸ ಕೆಳಗೆ ಇಳಿಯಿತು, ಅದರಲ್ಲಿ ಹುಳಿ ಆಮ್ಲ. ಹಳದಿ ಅಂಟು ನೀರಿಗೆ ಇಳಿಯುವುದು ತೀರಾ ಕಡಿಮೆ. ಅದು ಸಿಪ್ಪೆಯಲ್ಲೇ ಉಳಿಯುತ್ತದೆ. ರಸ ಬಾಟಲಿಗೆ ಹೋಗುತ್ತದೆ, ಸಿಪ್ಪೆ ಗೊಬ್ಬರಕ್ಕೆ. ಹಾಗಾದರೆ ಗಾರ್ಸಿನಾಲ್ ಬಗ್ಗೆ ಬಂದ ಸುದ್ದಿಯನ್ನು ಕಾಚಂಪುಳಿ ಬಾಟಲಿಗೆ ಅಂಟಿಸುವುದು ಎಷ್ಟು ಸರಿ? ಒಂದೇ ಹಣ್ಣು ನಿಜ, ಆದರೆ ಸುದ್ದಿ ಒಂದು ಭಾಗದ್ದು, ಮಾರಾಟ ಇನ್ನೊಂದು ಭಾಗದ್ದು.

ಕೇರಳದ ಅಡುಗೆಯಲ್ಲಿ ಇದು ಬೇರೆ. ಅಲ್ಲಿ ಸಿಪ್ಪೆಯನ್ನೇ ಹೊಗೆಗೆ ಒಣಗಿಸಿ, ಎಣ್ಣೆ ಇರುವ ಮೀನುಸಾರಿಗೆ ಇಡಿಯಾಗಿ ಹಾಕುತ್ತಾರೆ. ಅಂಟಿನ ಭಾಗ ಸಾರಿಗೆ ಇಳಿಯುವ ಸಾಧ್ಯತೆ ಅಲ್ಲಿ ಜಾಸ್ತಿ. ಶಿರಸಿ ಕಡೆ ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಒಂದೇ ಮರದ ಹಣ್ಣು ಮೂರು ಅಡುಗೆಮನೆಗಳಲ್ಲಿ ಮೂರು ಬೇರೆ ವಸ್ತುವಾಗುತ್ತದೆ. ಹಣ್ಣಿನ ಹೆಸರೊಂದನ್ನೇ ಹಿಡಿದು ಆರೋಗ್ಯದ ಮಾತಾಡಿದರೆ ಎಡವುವುದು ಇಲ್ಲೇ.

ಹೋಗಲಿ, ಅಂಟು ಕೂಡ ಹೊಟ್ಟೆಗೆ ಹೋಯಿತು ಅಂದುಕೊಳ್ಳಿ. ಆಗ ಲೆಕ್ಕ ಹೇಗೆ? ತಟ್ಟೆಯ ಪರೀಕ್ಷೆಗಳಲ್ಲಿ ಇಂಥ ವಸ್ತುಗಳನ್ನು ಸಾಮಾನ್ಯವಾಗಿ 10 ಮೈಕ್ರೋಮೋಲಾರ್ ಸಾಂದ್ರತೆಯ ಆಸುಪಾಸಿನಲ್ಲಿ ಹಾಕುತ್ತಾರೆ. ಗಾರ್ಸಿನಾಲ್‌ನ ಅಣುತೂಕ ಸುಮಾರು 603. ಅಂದರೆ ಒಂದು ಲೀಟರಿಗೆ 6 ಮಿಲಿಗ್ರಾಂ. ನಮ್ಮ ದೇಹದಲ್ಲಿ ಸುಮಾರು 5 ಲೀಟರ್ ರಕ್ತ ಇದೆ. ರಕ್ತದಲ್ಲೇ ಅಷ್ಟು ಸಾಂದ್ರತೆ ಬರಬೇಕಾದರೆ 30 ಮಿಲಿಗ್ರಾಂ ಗಾರ್ಸಿನಾಲ್ ಒಟ್ಟಿಗೆ ರಕ್ತದಲ್ಲಿ ಇರಬೇಕು, ಅದೂ ಇಳಿಯದೆ ನಿಲ್ಲಬೇಕು. ನುಂಗಿದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ. ನೀರಿಗೆ ಇಳಿಯದ ವಸ್ತುವನ್ನು ಕರುಳು ಹೀರುವುದೇ ಕಷ್ಟ. ಹೀರಿದ್ದನ್ನು ಲಿವರ್ ತಡೆದು, ಒಡೆದು ಹೊರಗೆ ಕಳಿಸುತ್ತದೆ. ಉಳಿದದ್ದು ಮಂಡಿಯ ಕೀಲಿನವರೆಗೆ ತಲುಪಬೇಕು. ತಟ್ಟೆಯಲ್ಲಿ ಕೋಶದ ಮೇಲೆ ನೇರವಾಗಿ ಸುರಿಯುವುದಕ್ಕೂ ಇದಕ್ಕೂ ಎಷ್ಟು ದೂರ ನೋಡಿ.

ಅರಿಶಿನದ ಕರ್ಕ್ಯುಮಿನ್ ಈ ದಾರಿಯಲ್ಲಿ ಎಷ್ಟೋ ಮುಂದೆ ಹೋಗಿದೆ. ಅದರ ಮೇಲೆ ಸಾವಿರಾರು ಸಂಶೋಧನೆಗಳಾಗಿವೆ. 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರು ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ ಗಟ್ಟಿ ಎಚ್ಚರಿಕೆ ಕೊಟ್ಟರು. ಕೆಲವು ಅಣುಗಳು ಪರೀಕ್ಷೆಯ ವ್ಯವಸ್ಥೆಯನ್ನೇ ಗೊಂದಲ ಮಾಡುತ್ತವೆ. ಸಿಕ್ಕಿದ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತವೆ, ಬಣ್ಣದಿಂದ ಯಂತ್ರದ ಲೆಕ್ಕ ತಪ್ಪಿಸುತ್ತವೆ, ಕಾಯಿಲೆಗೆ ಮದ್ದಿನ ಹಾಗೆ ಕಾಣುತ್ತವೆ. ಹಳದಿ ಬಣ್ಣದ, ಎಲ್ಲದಕ್ಕೂ ಅಂಟುವ ಸಸ್ಯ ಸಂಯುಕ್ತ ಅಂದ ಕೂಡಲೇ ಇದು ನೆನಪಾಗಬೇಕು. ಗಾರ್ಸಿನಾಲ್ ಕೆಲಸಕ್ಕೆ ಬಾರದು ಅಂತ ನಾನು ಹೇಳುತ್ತಿಲ್ಲ. ಅದಕ್ಕೂ ಇದೇ ಕಠಿಣ ಪರೀಕ್ಷೆ ಆಗಬೇಕು ಅನ್ನುತ್ತಿದ್ದೇನೆ.

ಪ್ರಾಣಿಗಳ ಮೇಲೂ ಕೆಲಸ ಆಗಿದೆ. ಬ್ರೆಜಿಲ್‌ನ ಸಂಶೋಧಕರು 2009ರಲ್ಲಿ ಈ ಹಣ್ಣಿನ ಸಾರ ಇಲಿಗಳ ಕರುಳಿನ ಉರಿಯೂತವನ್ನು ತಗ್ಗಿಸಿದ್ದನ್ನು ವರದಿ ಮಾಡಿದರು. ಕರುಳು ಅನ್ನುವುದು ಇಲ್ಲಿ ಗಮನಿಸಬೇಕಾದ ಮಾತು. ರಕ್ತಕ್ಕೆ ಸೇರದ ವಸ್ತು ಕೂಡ ಕರುಳಿನ ಒಳಗೋಡೆಯನ್ನು ಮುಟ್ಟಬಹುದು. ಮುಂದೆ ಏನಾದರೂ ಸಿಗುವುದಾದರೆ ಮಂಡಿಗಿಂತ ಕರುಳಿನ ಕಡೆ ಸಿಗಬಹುದು ಅಂತ ನನಗೆ ಅನಿಸುತ್ತದೆ. ಆದರೆ ಮನುಷ್ಯರ ಮೇಲೆ ಸರಿಯಾದ ಪ್ರಯೋಗ ಆಗುವವರೆಗೆ ಅದು ಅನಿಸಿಕೆ ಅಷ್ಟೇ.

ಇಷ್ಟು ಹುಷಾರು ಯಾಕೆ ಅಂದರೆ, ಇದೇ ಹಣ್ಣಿಗೆ ಒಮ್ಮೆ ಹೀಗೇ ಆಗಿದೆ. ಮೈಸೂರಿನಲ್ಲಿ ಆಮ್ಲ ಸಿಕ್ಕಿ ನಾಲ್ಕು ವರ್ಷಕ್ಕೆ, 1969ರಲ್ಲಿ, ಅಮೆರಿಕದ ಸಂಶೋಧಕರು ಅದು ದೇಹದಲ್ಲಿ ಕೊಬ್ಬು ತಯಾರಿಸುವ ಒಂದು ಕಿಣ್ವವನ್ನು ತಡೆಯುತ್ತದೆ ಅಂತ ಕಂಡುಕೊಂಡರು. ಒಳ್ಳೆಯ ವಿಜ್ಞಾನವೇ. ಅಲ್ಲಿಂದ ತೂಕ ಇಳಿಸುವ ಗುಳಿಗೆ ಹುಟ್ಟಿತು. ಗಾರ್ಸೀನಿಯಾ ಕ್ಯಾಂಬೋಜಿಯಾ ಅನ್ನುವ ಹೆಸರು ಲೋಕವೆಲ್ಲ ಸುತ್ತಿತು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಸರಿಯಾಗಿ ಪರೀಕ್ಷೆ ಮಾಡಿದರು. ಗುಳಿಗೆ ತಿಂದವರಿಗೂ ಮದ್ದಿಲ್ಲದ ಸುಳ್ಳು ಗುಳಿಗೆ ತಿಂದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಾರಾಟ ಮಾತ್ರ ನಿಲ್ಲಲಿಲ್ಲ. ಆಮೇಲೆ ಇಂಥ ಗುಳಿಗೆ ತಿಂದ ಕೆಲವರಿಗೆ ಲಿವರ್ ಕೆಟ್ಟ ವರದಿಗಳು ಬಂದವು. 2025ರಲ್ಲಿ ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ ಈ ಸಸ್ಯ ಇರುವ ಪೂರಕ ಗುಳಿಗೆಗಳನ್ನು ತಿನ್ನಬೇಡಿ ಅಂತ ಜನರಿಗೆ ಹೇಳಿತು.

ಇದನ್ನು ಓದಿ ಪಂದಿಕರಿ ಬಿಡಬೇಕಾಗಿಲ್ಲ. ಒಂದು ಪಾತ್ರೆ ಕರಿಗೆ ಚಮಚದ ಲೆಕ್ಕದಲ್ಲಿ ಹಾಕುವುದು ಬೇರೆ, ಸಾಂದ್ರ ಮಾಡಿದ ಸಾರವನ್ನು ದಿನಾ ಗುಳಿಗೆಯಾಗಿ ತಿಂಗಳುಗಟ್ಟಲೆ ನುಂಗುವುದು ಬೇರೆ. ಆದರೆ ಖಾಲಿ ಹೊಟ್ಟೆಗೆ ದಿನಾ ಗಟ್ಟಿ ಆಮ್ಲ ಕುಡಿದರೆ ಎದೆಯುರಿ ಬರುವುದು ಸಹಜ. ಹಲ್ಲಿನ ಎನಾಮೆಲ್‌ಗೂ ಒಳ್ಳೆಯದಲ್ಲ. ಊತ ಇಳಿಸಲು ಹೋಗಿ ಉರಿ ತಂದುಕೊಂಡ ಹಾಗಾಯಿತು.

ಗುಳಿಗೆಯ ಆ ಭರಾಟೆ ಕಾಡಿನ ಮರಗಳನ್ನೂ ಮುಟ್ಟಿತು. ಮಲೆನಾಡಿನಲ್ಲಿ ಉಪ್ಪಾಗೆ ಸಿಪ್ಪೆಗೆ ಬೇಡಿಕೆ ಏರಿದಾಗ ಬೇರೆಯವರು ಕೊಯ್ದುಬಿಡುತ್ತಾರೆ ಅನ್ನುವ ಭಯಕ್ಕೆ ಹಣ್ಣಾಗುವ ಮೊದಲೇ ಕೊಯ್ಯುವುದು ಶುರುವಾಯಿತು. ಹಣ್ಣಾಗುವುದು ಸುರಿಮಳೆಯಲ್ಲಿ, ಬಿಸಿಲು ಇಲ್ಲ. ಹಾಗಾಗಿ ಸಿಪ್ಪೆ ಒಣಗಿಸಲು ಬೆಂಕಿಯೇ ಬೇಕು, ಅದಕ್ಕೆ ಸೌದೆಯೂ ಕಾಡಿನಿಂದಲೇ ಬರಬೇಕು. ಉರಿಯೂತದ ಹೆಸರಿನಲ್ಲಿ ಇಂಥ ಇನ್ನೊಂದು ಅಲೆ ಬಂದರೆ ಕೊಡಗಿನ ಮರಗಳಿಗೂ ಇದೇ ಆಗಬಹುದು. ನಮ್ಮಲ್ಲಿ ಪಣಪುಳಿ ತೋಟದ ನೆರಳಿನಲ್ಲಿದೆ, ಹೊಳೆಬದಿಯಲ್ಲಿದೆ, ಕಾಡಿನಲ್ಲಿದೆ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಒಂದು ಹಣ್ಣಿಗೆ ಏಕಾಏಕಿ ಬೆಲೆ ಬಂದರೆ ಕಣ್ಣು ಮೊದಲು ಹೋಗುವುದು ಯಾರೂ ಕಾವಲಿಲ್ಲದ ಮರದ ಮೇಲೆ.

ಹಾಗಾದರೆ ಹಣ್ಣಿನಲ್ಲಿ ನಿಜಕ್ಕೂ ಒಂದು ಮದ್ದು ಸಿಕ್ಕಿತು ಅನ್ನಿ. ಅದು ಯಾರದು? ಇದಕ್ಕೆ ಹತ್ತಿರದ ಉದಾಹರಣೆ ಕೇರಳದ ಅಗಸ್ತ್ಯ ಬೆಟ್ಟದಲ್ಲಿದೆ. 1987ರಲ್ಲಿ ವಿಜ್ಞಾನಿಗಳು ಕಾಣಿ ಬುಡಕಟ್ಟಿನವರ ಜೊತೆ ಬೆಟ್ಟ ಹತ್ತುತ್ತಿದ್ದರು. ಇವರಿಗೆ ಸುಸ್ತು. ದಾರಿ ತೋರಿಸುತ್ತಿದ್ದ ಕಾಣಿಗಳು ಮಾತ್ರ ಏನೋ ಪುಟ್ಟ ಹಣ್ಣು ತಿನ್ನುತ್ತಾ ಸಲೀಸಾಗಿ ನಡೆಯುತ್ತಿದ್ದರು. ಅದು ಆರೋಗ್ಯಪಚ್ಚ. ತಿರುವನಂತಪುರದ ಹತ್ತಿರದ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆ ಅದರಿಂದ ಜೀವನಿ ಅನ್ನುವ ಮದ್ದು ಮಾಡಿತು. ಜನ ತಿಂದದ್ದು ಹಣ್ಣು, ಮದ್ದಿಗೆ ಬಳಸಿದ್ದು ಎಲೆ. 1995ರಲ್ಲಿ 10 ಲಕ್ಷ ರೂಪಾಯಿ ಮತ್ತು ಮಾರಾಟದ ಶೇ. 2 ರಾಯಧನಕ್ಕೆ ಅದನ್ನು ಒಂದು ಆಯುರ್ವೇದ ಕಂಪನಿಗೆ ಕೊಟ್ಟರು. ಅದರಲ್ಲಿ ಅರ್ಧ ಕಾಣಿಗಳಿಗೆ ಅಂತ ತೀರ್ಮಾನವಾಯಿತು, 1997ರಲ್ಲಿ ಅವರದೇ ಟ್ರಸ್ಟ್ ಆಯಿತು. ಆಮೇಲೆ ಎಲೆ ಬೆಳೆಯುವ, ಕೊಯ್ಯುವ ಅನುಮತಿಯಲ್ಲಿ ತೊಡಕುಗಳು ಬಂದವು. ಆದರೂ ಹೇಳಿಕೊಟ್ಟವರಿಗೆ ಪಾಲು ಕೊಡಬೇಕು ಅನ್ನುವ ಮಾತು ಕಾಗದದ ಮೇಲೆ ಬಂತಲ್ಲ, ಅದು ದೊಡ್ಡದು.

2002ರ ಜೀವವೈವಿಧ್ಯ ಕಾಯ್ದೆ ಇದನ್ನೇ ಕಾನೂನು ಮಾಡಿತು. ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರ ಮತ್ತು ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯನ್ನು ಅದು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ವ್ಯಾಪಾರಕ್ಕೆ ಬಳಸುವವರು ಲಾಭದ ಪಾಲು ಕೊಡಬೇಕು. 2023ರ ತಿದ್ದುಪಡಿ ಇದರಲ್ಲಿ ಕೆಲವು ಬಾಗಿಲು ತೆರೆದಿದೆ. ಗ್ರಂಥಗಳಲ್ಲಿ ಬರೆದಿಟ್ಟ ಸಾಂಪ್ರದಾಯಿಕ ತಿಳಿವಳಿಕೆಗೆ, ಬೆಳೆಸಿದ ಔಷಧ ಸಸ್ಯಗಳಿಗೆ ಪಾಲು ಹಂಚಿಕೆಯಿಂದ ವಿನಾಯಿತಿ ಸಿಕ್ಕಿದೆ. ಕೊಡಗಿಗೆ ಇದು ನೇರವಾಗಿ ತಟ್ಟುವ ವಿಷಯ. ತೋಟದಲ್ಲಿ ತಾನಾಗಿ ಹುಟ್ಟಿದ ಪಣಪುಳಿ ಮರ ಕಾಡಿನದಾ, ಬೆಳೆಸಿದ್ದಾ? ಹಣ್ಣು ಹೆಕ್ಕುವ ಯರವ, ಕುರುಬ ಬುಡಕಟ್ಟಿನ ಹೆಂಗಸರಿಗೆ ಯಾವ ಮರ ಯಾವಾಗ ಹಣ್ಣು ಬಿಡುತ್ತದೆ ಅಂತ ಗೊತ್ತು. ಅದು ಯಾವ ಗ್ರಂಥದಲ್ಲೂ ಇಲ್ಲ. ಪಂಚಾಯಿತಿಯ ದಾಖಲೆ ಪುಸ್ತಕದಲ್ಲಾದರೂ ಇರಲೇಬೇಕು. ನಿಮ್ಮ ಪಂಚಾಯಿತಿಗೆ ಹೋದಾಗ ಆ ಪುಸ್ತಕ ತೋರಿಸಿ ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ.

ತಿನ್ನುವ ಗಿಡವನ್ನೇ ಮದ್ದು ಅಂತ ನಂಬುವುದು ನಮಗೆ ಹೊಸದಲ್ಲ. ಕೊಡವರ ಕಕ್ಕಡ ತಿಂಗಳ ಹದಿನೆಂಟರ ದಿನ, ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ಪಾಯಸ ಮಾಡದ ಮನೆ ಕೊಡಗಿನಲ್ಲಿ ಕಡಿಮೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಮದ್ದು ಸೇರಿರುತ್ತದೆ ಅನ್ನುತ್ತಾರೆ. ನನಗೆ ಆ ನಂಬಿಕೆಯಲ್ಲಿ ಒಂದು ಬೆಲೆಯುಳ್ಳ ಮಾತು ಕಾಣುತ್ತದೆ: ವರ್ಷಕ್ಕೊಂದು ದಿನ, ಒಂದು ಅಳತೆ, ಒಂದು ಕಾಲ. ದಿನಾ ಬೆಳಗ್ಗೆ ಕುಡಿಯಿರಿ ಅಂತ ಹಿರಿಯರು ಹೇಳಿರಲಿಲ್ಲ. ಕಾಚಂಪುಳಿಯನ್ನು ಅಡುಗೆಗೆ ಬಳಸಿದರೇ ಹೊರತು ಲೋಟದಲ್ಲಿ ಕುಡಿಯಲಿಲ್ಲ.

ನನಗೆ ಬೇಕಾದದ್ದು ದೊಡ್ಡದೇನಲ್ಲ. ಕೊಡಗಿನಲ್ಲೇ ಕೆಲಸ ಮಾಡುವ ಜಾಗಗಳಿವೆ. ಚೆಟ್ಟಳ್ಳಿಯಲ್ಲಿ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ, ಮೂರು ಗಂಟೆ ದಾರಿಯಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ ಇದೆ. ಮನೆಮನೆಯ ಕಾಚಂಪುಳಿಯಲ್ಲಿ ಎಷ್ಟು ಆಮ್ಲ, ಎಷ್ಟು ಲ್ಯಾಕ್ಟೋನ್, ಅಂಟಿನ ಅಂಶ ಸ್ವಲ್ಪವಾದರೂ ಇದೆಯಾ ಅಂತ ಅಳೆದು ಜನರಿಗೆ ಕನ್ನಡದಲ್ಲಿ ಹೇಳಲಿ. ರಸ ತೆಗೆದ ಮೇಲೆ ಉಳಿದ ಸಿಪ್ಪೆಯನ್ನು ಪರೀಕ್ಷಿಸಲಿ. ಸಂಶೋಧನೆಗೆ ಹಣ್ಣು ಬೇಕು ಅಂದರೆ ಹೊಸದಾಗಿ ಒಂದು ಮರವನ್ನೂ ಬೋಳಿಸಬೇಕಾಗಿಲ್ಲ. ಪ್ರತಿ ಆಗಸ್ಟ್‌ನಲ್ಲಿ ಬುಟ್ಟಿಗಟ್ಟಲೆ ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗುತ್ತಿದೆ. ಅದರಿಂದ ಏನಾದರೂ ಸಿಕ್ಕರೆ ಕಾಚಂಪುಳಿ ಮಾಡುವ ಹೆಂಗಸರಿಗೆ ಎರಡನೇ ಆದಾಯ.

ಅಲ್ಲಿಯವರೆಗೆ ಬಾಟಲಿ ಮೇಲೆ ಉರಿಯೂತ, ಸಂಧಿವಾತ, ತೂಕ ಅಂತೆಲ್ಲ ಬರೆಯುವುದು ಬೇಡ. ರೋಗ ವಾಸಿಮಾಡುತ್ತದೆ ಅಂತ ಜಾಹೀರಾತು ಮಾಡುವುದಕ್ಕೆ 1954ರ ಕಾಯ್ದೆಯೇ ಕಡಿವಾಣ ಹಾಕಿದೆ, ಆಹಾರದ ಲೇಬಲ್ಲಿಗೆ 2018ರ ನಿಯಮಗಳಿವೆ. ಕಾಚಂಪುಳಿಗೆ ಆ ಸುಳ್ಳಿನ ಆಸರೆ ಬೇಕಾಗಿಯೂ ಇಲ್ಲ. ಯಾವ ಊರಿನ ಹಣ್ಣು, ಯಾವ ವರ್ಷದ್ದು, ಏನೂ ಬೆರೆಸಿಲ್ಲ ಅಂತ ಬರೆದರೆ ಸಾಕು, ನಾನು ಕೊಳ್ಳುತ್ತೇನೆ.

ಚಿಕ್ಕಮ್ಮ ಬೆಳಗಿನ ಚಮಚ ಬಿಟ್ಟಿದ್ದಾರೆ. ಮಂಡಿಗೆ ಮೂಳೆ ಡಾಕ್ಟರ ಹತ್ತಿರ ಹೋಗಿ ಬಂದರು, ಈಗ ದಿನಾ ವ್ಯಾಯಾಮ ಮಾಡುತ್ತಿದ್ದಾರೆ. ನಾನು ಸಿಪ್ಪೆಯ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ನಾನು ಇಷ್ಟು ವರ್ಷ ಬಿಸಾಡಿದ್ದು?" ಅಂದರು. ತಿನ್ನುವುದಕ್ಕಲ್ಲ ಚಿಕ್ಕಮ್ಮ, ಪರೀಕ್ಷೆಗೆ ಅಂದೆ. ಮುಂದಿನ ಮಳೆಗಾಲಕ್ಕೆ ಒಂದು ಬುಟ್ಟಿ ಸಿಪ್ಪೆ ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿಡಿ ಅಂತ ಹೇಳಿದ್ದೇನೆ. ಯಾವ ಮರದ್ದು, ಯಾವ ತಾರೀಕಿನದು ಅಂತ ಚೀಟಿ ಅಂಟಿಸಿ.